ತಲೆ ಬಾಲವಿರುವ ತಂತಿ

ನನ್ನ ತಮ್ಮನ ಹೆಂಡತಿಯನ್ನು ಬೀದಿಯವರೆಲ್ಲ ವೈರಮ್ಮ ಎಂದು ಕರೆಯುತ್ತಾರೆ. ಹೆಸರಿಟ್ಟವರು ಯಾರೋ ಗೊತ್ತಿಲ್ಲ, ಸರಿಯಾಗಿಯೇ ಇಟ್ಟಿದ್ದಾರೆ. ಅವಳ ಮನೆಗೆ ಹೋದರೆ ಕುರ್ಚಿಯ ಮೇಲೆ ಕೇಬಲ್ ಸುರುಳಿ, ಮಂಚದ ಕೆಳಗೆ ಕೇಬಲ್ ಸುರುಳಿ, ಅಂಗಿ ತಗುಲಿಹಾಕುವ ಗೂಟಕ್ಕೂ ಕೇಬಲ್ ಸುರುಳಿ. ಕೂರುವ ಮೊದಲು ಕೆಳಗೇನಿದೆ ಎಂದು ನೋಡಿ ಕೂರಬೇಕು. ಅವಳು ಮದುವೆಯಾಗಿ ಬಂದ ಹೊಸದರಲ್ಲಿ ನಾನೊಮ್ಮೆ ಅಂಥದೊಂದನ್ನು ಎತ್ತಿ, ಹಗ್ಗ ಸುತ್ತುವ ಹಾಗೆ ಅಂಗೈಯಿಂದ ಮೊಣಕೈಗೆ ಸುತ್ತಿ ಮೂಲೆಗಿಟ್ಟೆ. ಅವಳು ಅದನ್ನು ಎತ್ತಿಕೊಂಡು ಪೂರ್ತಿ ಬಿಚ್ಚಿದಳು.

“ಹಾಗೆ ಸುತ್ತಿದ್ರೆ ಒಳಗೇ ತಿರುಚಿಕೊಳ್ಳುತ್ತೆ ಅತ್ತಿಗೆ. ಒಂದು ಸುತ್ತು ಒಳಗೆ, ಒಂದು ಸುತ್ತು ಹೊರಗೆ. ಆಗ ಅದಕ್ಕೂ ನೋವಿಲ್ಲ, ನಮಗೂ ತಲೆನೋವಿಲ್ಲ.”

“ತಂತಿಗೂ ನೋವಾಗುತ್ತೇನೇ?”

“ಆಗುತ್ತೆ. ಬಾಯಿಬಿಟ್ಟು ಹೇಳಲ್ಲ ಅಷ್ಟೇ.”

ಬಂದು ಇನ್ನೂ ಕಾಲು ಊರಿಲ್ಲ, ನನಗೇ ಪಾಠ. ಅವತ್ತಿನಿಂದ ನಮ್ಮಿಬ್ಬರದು ಅಷ್ಟಕ್ಕಷ್ಟೇ. ನಾನು ಹೊಲಿಗೆ ಕೆಲಸದವಳು, ಮಾತು ಜಾಸ್ತಿ, ಕೋಪ ಮೂಗಿನ ತುದಿಯಲ್ಲೇ. ಅವಳು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವವಳು. ಇಂಥವಳ ಜೊತೆ ಜಗಳವಾಡುವುದೂ ಕಷ್ಟ, ಗೋಡೆಗೆ ಚೆಂಡು ಎಸೆದ ಹಾಗೆ.

ಅವಳ ಕೆಲಸ ಸಭಾಂಗಣ, ಶಾಲೆ, ಕಚೇರಿಗಳಲ್ಲಿ. ಗೋಡೆಗೆ ದೊಡ್ಡ ಪರದೆ, ಸೂರಿಗೆ ಧ್ವನಿಪೆಟ್ಟಿಗೆ ಕೂರಿಸುತ್ತಾರಲ್ಲ, ಅವುಗಳ ನಡುವೆ ಓಡುವ ಕೇಬಲ್ಲುಗಳನ್ನು ಆರಿಸಿ ಎಳೆಯುವವಳು ಇವಳು. ಪರದೆ ಯಾವುದು ತರಬೇಕೆಂದು ಜನ ಗಂಟೆಗಟ್ಟಲೆ ಮಾತಾಡುತ್ತಾರೆ. ಕೇಬಲ್ಲಿನ ಮಾತು ಬಂದರೆ “ಯಾವುದೋ ಒಂದು ಹಾಕಿ” ಅನ್ನುತ್ತಾರೆ. ಈ ‘ಯಾವುದೋ ಒಂದು’ ಎಂಬ ಮಾತು ಕಿವಿಗೆ ಬಿದ್ದರೆ ನನ್ನ ತಮ್ಮನ ಹೆಂಡತಿಯ ಮುಖ ಕಲ್ಲಾಗುತ್ತದೆ. ಎಷ್ಟು ದೂರ ಹೋಗಬೇಕು, ಒಳಗೆ ಏನು ಹರಿಯಬೇಕು, ಪಕ್ಕದಲ್ಲಿ ಯಾವ ತಂತಿ ಮಲಗಿದೆ: ಇಷ್ಟು ತಿಳಿಯದೆ ಅವಳು ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ. ಧ್ವನಿಯ ತಂತಿಯನ್ನೂ ಕರೆಂಟಿನ ತಂತಿಯನ್ನೂ ಒಂದೇ ಪೈಪಿಗೆ ತುರುಕಿದರೆ ಧ್ವನಿಪೆಟ್ಟಿಗೆ ಗುಂಯ್ ಎಂದು ಗೊಣಗುತ್ತದಂತೆ. ಇಬ್ಬರು ಸವತಿಯರನ್ನು ಒಂದೇ ಕೋಣೆಗೆ ಹಾಕಿದರೆ ಗೊಣಗದೆ ಇನ್ನೇನು ಮಾಡುತ್ತಾರೆ. ಅಂಗಡಿಯವನು ತುದಿಗೆ ಚಿನ್ನದ ಲೇಪವಿರುವ ಕೇಬಲ್ಲನ್ನು ಮಗುವಿನ ಹಾಗೆ ಎತ್ತಿ ತೋರಿಸಿದರೂ ಇವಳದು ಒಂದೇ ಮಾತು. “ಚಿನ್ನದ ಚೂರಿ ಅಂತ ಹೊಟ್ಟೆಗೆ ಚುಚ್ಚಿಕೊಳ್ಳೋಕಾಗುತ್ತಾ? ದೂರಕ್ಕೆ ತಕ್ಕದ್ದು ಕೊಡಿ.”

ಇನ್ನು ನನ್ನ ಮಗಳ ವಿಷಯ. ಅವಳಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಅವಳ ಮಾತೆಲ್ಲ ಕೈಯಲ್ಲಿ. ಅಂಥವರ ನಡುವೆ ಒಂದು ಪದ್ಧತಿಯಿದೆ, ಗೊತ್ತಿರುವ ಪ್ರತಿಯೊಬ್ಬರಿಗೂ ಕೈಯಲ್ಲಿ ಹೇಳುವ ಒಂದು ಹೆಸರಿಡುತ್ತಾರೆ. ನನಗೆ ಇಟ್ಟಿದ್ದು, ಮೂಗಿನ ತುದಿಗೆ ಬೆರಳಿಟ್ಟು ಬಿಸಿ ತಾಗಿದ ಹಾಗೆ ಚಟ್ಟನೆ ತೆಗೆಯುವುದು. ಇದು ನನ್ನ ಬೆನ್ನ ಹಿಂದಿನ ಹೆಸರು, ಆದರೂ ನಾನು ನೋಡಿದ್ದೇನೆ. ಅವಳ ಅತ್ತೆಗೆ, ಎಂದರೆ ವೈರಮ್ಮನಿಗೆ, ಇಟ್ಟದ್ದು ಮಣಿಕಟ್ಟು ಒಮ್ಮೆ ಒಳಗೆ ಒಮ್ಮೆ ಹೊರಗೆ ತಿರುಗಿಸುವುದು, ಸುರುಳಿ ಸುತ್ತುವ ಹಾಗೆ. ನಾನು ಆ ಹೆಸರನ್ನು ಬಳಸಿದವಳಲ್ಲ. ಹೇಳಬೇಕಾದಾಗ ಅವರ ಮನೆಯ ದಿಕ್ಕಿಗೆ ಬೆರಳು ತೋರಿಸುತ್ತಿದ್ದೆ, ಸಾಕು.

ಮಗಳಿಗೆ ಇದ್ದದ್ದು ಒಂದೇ ಆಸೆ, ತಾನು ಓದಿದ ಕಿವುಡು ಮಕ್ಕಳ ಶಾಲೆಯಲ್ಲೇ ಟೀಚರ್ ಆಗಬೇಕು. ಆ ಶಾಲೆಯ ಟೀಚರುಗಳೆಲ್ಲ ಕಿವಿ ಕೇಳುವವರು. ಕಿವಿ ಕೇಳದವರನ್ನು ಅಲ್ಲಿ ಯಾವತ್ತೂ ತೆಗೆದುಕೊಂಡಿರಲಿಲ್ಲ. ನೇಮಕಕ್ಕೆ ಮುಂಚೆ ಶಾಲೆಯ ಸಭಾಂಗಣದಲ್ಲಿ ಅಷ್ಟೂ ಮಕ್ಕಳ ಮುಂದೆ ಒಂದು ಪಾಠ ಮಾಡಿ ತೋರಿಸಬೇಕು. ವೇದಿಕೆಯ ಮೇಲೆ ನಿಂತವರ ಕೈಸನ್ನೆ ಹಿಂದಿನ ಸಾಲಿಗೆ ಕಾಣುವುದಿಲ್ಲವೆಂದು ಕ್ಯಾಮೆರಾ ಇಟ್ಟು ದೊಡ್ಡ ಪರದೆಯ ಮೇಲೆ ತೋರಿಸುತ್ತಾರೆ. ಹೋದ ವರ್ಷ ಇವಳು ಪಾಠ ಮಾಡಿದಳು. ಮುಂದಿನ ಮಕ್ಕಳು ಕಣ್ಣು ಕೀಳದೆ ನೋಡಿದರು, ಹಿಂದಿನವರು ಅತ್ತಿತ್ತ ತಿರುಗಿ ಒಬ್ಬರನ್ನೊಬ್ಬರು ಚಿವುಟಿಕೊಂಡು ಕೂತರು. ಇಡೀ ಸಭೆಯ ಗಮನ ಹಿಡಿಯುವ ಶಕ್ತಿ ಈಕೆಗಿಲ್ಲ ಎಂದು ಹೇಳಿ ಕಳಿಸಿದರು.

ಪರದೆ ನಡುನಡುವೆ ಕಪ್ಪಾಗುತ್ತಿತ್ತಮ್ಮ, ಎಂದು ಅವಳು ಕೈಯಲ್ಲಿ ಹೇಳಿದಳು. ನಾನು ಅದನ್ನು ಹಿಡಿದು ಶಾಲೆಗೆ ಹೋಗಿ ಕೂಗಾಡಿದೆ. ಅಲ್ಲಿಯ ಮುಖ್ಯಸ್ಥೆಯನ್ನು ಎಲ್ಲರೂ ದೊಡ್ಡ ಮೇಡಂ ಅನ್ನುತ್ತಾರೆ. ಅವರು ಸಮಾಧಾನವಾಗಿಯೇ, “ಪರದೆ ಕಣ್ಣು ಮಿಟುಕಿಸಿದಷ್ಟು ಹೊತ್ತು ಹೋಗುತ್ತೆ ಬರುತ್ತೆ. ಬೇರೆ ಟೀಚರ್‌ಗಳೂ ಅದರಲ್ಲೇ ಮಾಡ್ತಾರಲ್ಲಮ್ಮ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗಾಗಬಾರದು” ಎಂದರು. ಬಾಯಿಗೆ ಬಂದದ್ದನ್ನು ನುಂಗಿಕೊಂಡು ಮನೆಗೆ ಬಂದೆ. ಬೇರೆಯವರ ಮನೆಯಲ್ಲಿ ಮಕ್ಕಳು ಬಾಯಿ ಮುಚ್ಚಿದರೆ ಶಾಂತಿ. ನನ್ನ ಮಗಳು ಕೈ ಕಟ್ಟಿ ಮಡಿಲಲ್ಲಿಟ್ಟು ಕೂತರೆ ನನಗೆ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ. ಆಗ ಬಹಳ ದಿನ ಇಳಿಯಲಿಲ್ಲ.

ಅದೇ ಶಾಲೆಯ ಮಕ್ಕಳು ನಾಟಕವಾಡಿದ ದಿನ ನಾವೆಲ್ಲ ಹೋಗಿದ್ದೆವು. ವೈರಮ್ಮ ನಮ್ಮ ಜೊತೆ ಮುಂದೆ ಕೂರಲಿಲ್ಲ, ಹೋಗಿ ಕೊನೆಯ ಸಾಲಿನಲ್ಲಿ ಮಕ್ಕಳ ನಡುವೆ ಕೂತಳು. ಮರುದಿನ ನಮ್ಮ ಮನೆಗೆ ಬಂದು, ಬಾಗಿಲಲ್ಲೇ ನಿಂತು ಹೇಳಿದಳು.

“ಒಂದೊಂದು ಸಲ ನೆಲವೂ ಡೊಂಕಿರುತ್ತೆ ಅತ್ತಿಗೆ.”

“ಏನೇ ಅದು, ಒಳಗೆ ಬಂದು ಹೇಳು.”

“ಮುಂದಿನ ಮಕ್ಕಳು ನಗ್ತಿದ್ರು. ಹಿಂದಿನವರು ‘ಏನು, ಏನು’ ಅಂತ ಪಕ್ಕದವರನ್ನ ಕೇಳಿ ಆಮೇಲೆ ನಗ್ತಿದ್ರು. ಒಂದು ಸಲ ಅಲ್ಲ, ಪ್ರತಿ ಸಲ. ಪರದೆ ಕಪ್ಪಾದ್ರೆ ನಮಗೆ ಚಿತ್ರ ಹೋಗುತ್ತೆ, ಮಾತು ಕೇಳ್ತಾನೇ ಇರುತ್ತೆ. ಆ ಮಕ್ಕಳಿಗೆ ಚಿತ್ರವೇ ಮಾತು. ಮಾತಿನ ನಡುವೆ ಯಾರೋ ಬಾಯಿ ಮುಚ್ಚಿದ ಹಾಗೆ. ನಮ್ಮ ಹುಡುಗಿ ತಪ್ಪಲ್ಲ ಅದು. ಅಷ್ಟು ದೂರಕ್ಕೆ ತಾಮ್ರದ ಕೇಬಲ್ ಎಳೆದಿದ್ದಾರೆ, ಅದು ದಾರೀಲೇ ಸುಸ್ತಾಗ್ತಿದೆ.”

ಅವಳ ಬಾಯಿಂದ ಒಂದೇ ಉಸಿರಿಗೆ ಅಷ್ಟು ಮಾತು ಬಂದದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಮಡಿಲಲ್ಲಿ ಕೈ ಕಟ್ಟಿ ಕೂತಿದ್ದ ಮಗಳು ಏನೆಂದು ಹುಬ್ಬು ಎತ್ತಿ ಕೇಳಿದಳು. ನಾನು ಕೈಯಲ್ಲಿ ಹೇಳಿದೆ. ನೋಡಿ ತಿಳಿದುಕೊಂಡು ಅವಳು ಮಡಿಲಿನಿಂದ ಕೈ ತೆಗೆದಳು. ಇನ್ನೊಂದು ಸಲ ಪಾಠ ಮಾಡುತ್ತೇನೆ ಎಂದಳು.

ಈ ವರ್ಷ ಸಭಾಂಗಣದ ದುರಸ್ತಿ ಶುರುವಾಯಿತು. ವೈರಮ್ಮ ಹಟ ಹಿಡಿದು ಕೇಬಲ್ ಕೆಲಸ ತಾನೇ ಹಿಡಿದಳು. ನಾನೂ ಜೊತೆಗೆ ಹೋಗಿದ್ದೆ, ಬಾಯಿ ಮಾಡುವ ಅಗತ್ಯ ಬಂದರೆ ಇರಲಿ ಎಂದು. ಬರಲಿಲ್ಲ. ದೊಡ್ಡ ಮೇಡಂ ಎಲ್ಲವನ್ನೂ ಕೇಳಿ ತಿಳಿದುಕೊಳ್ಳುವ ಹೆಂಗಸು.

“ಈಗೆಲ್ಲ ತಂತಿಯೇ ಬೇಡ ಅಂತಾರಲ್ಲ, ವೈರ್‌ಲೆಸ್?”

“ನಾನು ನೋಡಿದ್ದರಲ್ಲೆಲ್ಲ ಕೈ ಒಂದು ಗಳಿಗೆ ತಡವಾಗಿ ಪರದೆಗೆ ಬರುತ್ತೆ ಮೇಡಂ. ವೇದಿಕೆ ಮೇಲಿನ ಕೈ ಒಂದು ಮಾತು ಹೇಳ್ತಿದ್ರೆ ಪರದೆ ಮೇಲಿನ ಕೈ ಹಿಂದಿನ ಮಾತಲ್ಲೇ ಇರುತ್ತೆ. ಮಕ್ಕಳು ಯಾವ ಕೈ ನಂಬಬೇಕು?”

“ಮತ್ತೇನು ಹಾಕ್ತೀರಿ?”

“ಗಾಜಿನ ಎಳೆ ಇರೋ ಕೇಬಲ್. ಒಳಗೆ ಬೆಳಕು ಓಡುತ್ತೆ. ಎಷ್ಟು ದೂರ ಓಡಿದ್ರೂ ಸುಸ್ತಾಗಲ್ಲ. ಮಡಚಬಾರದು ಅಷ್ಟೇ.”

“ಅದು ಹಾಕಿದ ಮೇಲೂ ಕಪ್ಪಾದ್ರೆ?”

“ಆಗ ತಪ್ಪು ನನ್ನದು ಅನ್ನಿ. ಹುಡುಗೀದು ಅನ್ನಬೇಡಿ.”

ಮೇಡಂ, ಆಗಲಿ, ಈ ಸಲ ನಾನು ಕೊನೆಯ ಸಾಲಿನಲ್ಲೇ ಕೂರುತ್ತೇನೆ ಎಂದರು. ಟೀಚರ್ ಕೆಲಸದ ಜಾಗ ಒಂದೇ ಖಾಲಿಯಿತ್ತು. ಈ ಸಲ ಹೋದರೆ ಮತ್ತೆ ಯಾವಾಗ ಖಾಲಿಯಾಗುತ್ತದೋ ಯಾರಿಗೂ ಗೊತ್ತಿರಲಿಲ್ಲ.

ಸಭಾಂಗಣದ ಹಿಂಬದಿಯಲ್ಲಿ ಗಾಜಿನ ಕಿಟಕಿಯ ಒಂದು ಚಿಕ್ಕ ಕೋಣೆಯಿದೆ. ಕ್ಯಾಮೆರಾದ ಚಿತ್ರ ಅಲ್ಲಿಯ ಮೇಜಿಗೆ ಬಂದು, ಅಲ್ಲಿಂದ ಗೋಡೆಯೊಳಗಿನ ಪೈಪಿನಲ್ಲಿ ಉದ್ದಕ್ಕೂ ಹೋಗಿ ವೇದಿಕೆಯ ಪರದೆ ಸೇರಬೇಕು. ವೈರಮ್ಮ ಹೊಸ ಕೇಬಲ್ಲನ್ನು ಮೊದಲು ನೆಲದ ಮೇಲೇ ಹಾಸಿ ಪರೀಕ್ಷೆ ಮಾಡಿದಳು. ಚಿತ್ರ ಕನ್ನಡಿಯ ಹಾಗೆ ಬಂತು. ಮತ್ತೆ ಒಂದು ಸುತ್ತು ಒಳಗೆ, ಒಂದು ಸುತ್ತು ಹೊರಗೆ ಸುತ್ತಿದಳು. ಧೂಳು ಹೋಗಬಾರದೆಂದು ಎರಡೂ ತುದಿಗೆ ಕಪ್ಪು ಟೇಪು ಸುತ್ತಿದಳು. ಪರದೆಯ ಕಡೆಯಿಂದ ಪೈಪಿಗೆ ಬಿಟ್ಟು ಗಾಜಿನ ಕೋಣೆಯ ಕಡೆಗೆ ಎಳೆಸಿದಳು. ಮೇಸ್ತ್ರಿ ಬಂದು ಪೈಪಿನ ಬಾಯಿಗೆ ಗಾರೆ ಮೆತ್ತಿ, ಬಣ್ಣ ಬಳಿದು, ಮೇಲೆ ಮರದ ಹಲಗೆ ಕೂರಿಸಿದ.

ಪಾಠದ ಹಿಂದಿನ ದಿನ ಬೆಳಿಗ್ಗೆ ಎಲ್ಲವನ್ನೂ ಜೋಡಿಸಿ ಗುಂಡಿ ಒತ್ತಿದರು. ಪರದೆ ಕಪ್ಪಗಿತ್ತು. ಚಿತ್ರ ಕಳಿಸುವ ಪೆಟ್ಟಿಗೆ ಬದಲಾಯಿಸಿದರು, ಕಪ್ಪು. ಆರಿಸಿ ಹೊತ್ತಿಸಿದರು, ಕಪ್ಪು. ವೈರಮ್ಮ ಮೇಜಿನ ಕೆಳಗೆ ಕೂತು ತುದಿಗೆ ಅಂಟಿದ್ದ ಟೇಪಿನ ಚೂರನ್ನು ಉಗುರಿನಿಂದ ಕೆರೆದಳು. ಕೆಳಗೆ ಇರುವೆ ಗಾತ್ರದ ಅಕ್ಷರದಲ್ಲಿ ‘ಪರದೆಯ ಕಡೆಗೆ’ ಎಂಬ ಗುರುತಿತ್ತು.

ತಾಮ್ರದ ಕೇಬಲ್ಲಿಗೆ ತಲೆ ಬಾಲ ಎಂಬುದಿಲ್ಲ, ಯಾವ ಕಡೆಯಿಂದ ಎಳೆದರೂ ನಡೆಯುತ್ತದೆ. ಈ ಬೆಳಕಿನ ಕೇಬಲ್ಲು ಹಾಗಲ್ಲ. ಒಂದು ತುದಿ ಹೇಳುವುದಕ್ಕೆ, ಇನ್ನೊಂದು ಕೇಳುವುದಕ್ಕೆ. ಪರೀಕ್ಷೆ ಮಾಡುವಾಗ ಸರಿಯಾಗಿಯೇ ಇತ್ತು, ಸುತ್ತುವಾಗ ತುದಿ ಅದಲುಬದಲಾಯಿತು, ಅವಳೇ ಸುತ್ತಿದ ಟೇಪು ಗುರುತನ್ನು ಮುಚ್ಚಿತು. ಅಜಾಗರೂಕಳಾಗಿದ್ದರೆ ಅವಳು ಟೇಪು ಸುತ್ತುತ್ತಲೇ ಇರಲಿಲ್ಲ. ನಮ್ಮ ಹೊಲಿಗೆಯಲ್ಲೂ ಮಖಮಲ್ ಬಟ್ಟೆಯನ್ನು ಉಲ್ಟಾ ಇಟ್ಟು ಕತ್ತರಿಸುವುದು ಹೊಸಬರಲ್ಲ, ಕತ್ತರಿ ತಾನಾಗಿ ಓಡುವಷ್ಟು ಪಳಗಿದವರು.

“ಉಲ್ಟಾ ಎಳೆದಿದ್ದೀನಿ,” ಎಂದಳು.

“ಊರಿಗೆಲ್ಲ ಸರಿಯಾಗಿ ಎಳೀತೀಯ, ನನ್ನ ಮಗಳ ಪಾಲಿಗೇ ಉಲ್ಟಾನಾ?” ಎಂದು ಶುರುಮಾಡಿದೆ. ಇನ್ನೂ ಏನೇನೋ ಅಂದೆ. ಅವಳು ಉಳಿ ಸುತ್ತಿಗೆ ಹುಡುಕುತ್ತಿದ್ದಳು.

ಹೆಂಡತಿಯ ಜೊತೆ ಕೆಲಸಕ್ಕೆ ಬಂದಿದ್ದ ನನ್ನ ತಮ್ಮ ಗಾಬರಿಯಾಗಿದ್ದ. “ಹಳೇ ತಾಮ್ರದ್ದೇ ನೆಲದ ಮೇಲೆ ಹಾಸೋಣ ಬಿಡು. ನಾಳೆ ಒಂದು ದಿನ ತಾನೆ. ಅಲ್ಲೊಂದು ಇಲ್ಲೊಂದು ಸಲ ಕಪ್ಪಾಗುತ್ತೆ ಅಷ್ಟೇ.”

“ಹೋದ ವರ್ಷವೂ ಅಷ್ಟೇ ಆಗಿದ್ದು,” ಎಂದು ಅವಳು ಮರದ ಹಲಗೆಯ ಮೊದಲ ಸ್ಕ್ರೂ ಬಿಚ್ಚಿದಳು.

ಮೇಸ್ತ್ರಿ ಓಡಿ ಬಂದ. “ಅಮ್ಮಾ, ಬಣ್ಣ ಇನ್ನೂ ಹಸಿ ಇದೆ. ಗೋಡೆ ಮುಟ್ಟಿದ್ರೆ ನಾನು ಸುಮ್ಮನಿರಲ್ಲ.”

“ಸುಮ್ಮನಿರಬೇಡಿ. ಗಾರೆ ಕಲಸಿಟ್ಟುಕೊಂಡಿರಿ, ಸಂಜೆ ಮತ್ತೆ ಮೆತ್ತಬೇಕು. ಪೈಪಿನ ಬಾಯಿ ಮಾತ್ರ ಒಡೀತೀನಿ, ಗೋಡೆ ಮುಟ್ಟಲ್ಲ.” ಅವನು ನನ್ನ ಕಡೆ ನೋಡಿದ. ಅಷ್ಟರಲ್ಲಿ ನನ್ನ ಕೋಪಕ್ಕೂ ಬೇರೆ ಗಿರಾಕಿ ಬೇಕಾಗಿತ್ತು, ಸಿಕ್ಕಿದ. ಅವನು ಗಾರೆ ಕಲಸಲು ಹೋದ.

ಯೋಚನೆ ಸರಳವಾಗಿತ್ತು. ಕೇಬಲ್ಲಿನ ಪರದೆಯ ಕಡೆಯ ತುದಿಗೆ ಗಟ್ಟಿ ದಾರ ಕಟ್ಟಿ ಗಾಜಿನ ಕೋಣೆಯ ಕಡೆಗೆ ಪೂರ್ತಿ ಹೊರಗೆಳೆಯಬೇಕು, ಆಗ ಪೈಪಿನೊಳಗೆ ದಾರ ಉಳಿಯುತ್ತದೆ. ಕೇಬಲ್ಲನ್ನು ಮತ್ತೆ ಪರದೆಯ ಕಡೆಗೆ ಒಯ್ದು, ಸರಿಯಾದ ತುದಿಯನ್ನು ದಾರಕ್ಕೆ ಕಟ್ಟಿ ಎಳೆಯಬೇಕು. ಪರದೆಯ ಹತ್ತಿರ ಪೈಪು ತಿರುಗುತ್ತದೆ. ಅಲ್ಲಿ ಸಿಕ್ಕಿಕೊಂಡಾಗ ಯಾರಾದರೂ ಜಗ್ಗಿದರೆ ಗಾಜು ಮುರಿಯಿತು, ಕತೆ ಮುಗಿಯಿತು. ಅಂಥ ಇನ್ನೊಂದು ಕೇಬಲ್ ಊರಿನ ಯಾವ ಅಂಗಡಿಯಲ್ಲೂ ಇರಲಿಲ್ಲ, ಇದನ್ನೇ ಹೊರಗಿನಿಂದ ತರಿಸಿದ್ದು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅನ್ನುತ್ತಾರಲ್ಲ, ಹಾಗೆ.

ಹೊರಗೆಳೆಯುವುದು ಹೇಗೋ ಆಯಿತು. ಒಳಗೆಳೆಯುವ ಹೊತ್ತಿಗೆ ಸಭಾಂಗಣದ ನೆಲಕ್ಕೆ ಹೊಳಪು ಕೊಡುವ ಯಂತ್ರ ಶುರುವಾಯಿತು. ಮರುದಿನಕ್ಕೆ ಮುಗಿಸಲೇಬೇಕಾದ ಕೆಲಸ, ನಿಲ್ಲಿಸುವ ಹಾಗಿಲ್ಲ. ಪರದೆಯ ಹಿಂದೆ ಕೂತ ವೈರಮ್ಮ “ನಿಲ್ಸಿ” ಎಂದು ಕೂಗಿದರೆ ಗಾಜಿನ ಕೋಣೆಯಲ್ಲಿದ್ದ ನನ್ನ ತಮ್ಮನಿಗೆ ಕೇಳದು. ಫೋನಿನಲ್ಲಿ ಹೇಳೋಣವೆಂದರೆ ಎರಡೂ ಕೈ ಕೇಬಲ್ಲಿನ ಮೇಲೆ, ಆ ಗದ್ದಲದಲ್ಲಿ ಫೋನು ಯಾವ ಕಿವಿಗೆ. ಒಂದು ಸಲ ಅವನು ತಿಳಿಯದೆ ಜಗ್ಗಿಯೇಬಿಟ್ಟ. ವೈರಮ್ಮ ತನ್ನ ಕಡೆಯ ಕೇಬಲ್ಲನ್ನು ಸರಕ್ಕನೆ ಸಡಿಲ ಬಿಟ್ಟದ್ದಕ್ಕೆ ಉಳಿಯಿತು.

ನಮ್ಮ ಜೊತೆಗೇ ಬಂದಿದ್ದ ನನ್ನ ಮಗಳು ಕೋಣೆಗೆ ಹೋಗಿ ಮಾವನ ಭುಜ ತಟ್ಟಿ ಪಕ್ಕಕ್ಕೆ ಸರಿಸಿದಳು. ಗದ್ದಲದ ಕಡೆಗೆ ಕೈ ತೋರಿಸಿ, ನನಗೇನೂ ತೊಂದರೆಯಿಲ್ಲ ಎಂದಳು. ಆಮೇಲೆ ಗಾಜಿನಾಚೆಯಿಂದ ನನಗೆ ಹೇಳಿದಳು, ನೀನು ನಡುವೆ ನಿಲ್ಲು. ನಾನು ನಿಂತ ಕಡೆಯಿಂದ ಇಬ್ಬರೂ ಕಾಣುತ್ತಿದ್ದರು, ಅವರಿಗೆ ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ. ವೈರಮ್ಮನಿಗೆ ಕೈಮಾತು ಅಷ್ಟಾಗಿ ಬಾರದು. ನನ್ನ ಮಗಳನ್ನು ಆಗಾಗ ಕೆಲಸಕ್ಕೆ ಜೊತೆಗೆ ಕರೆದೊಯ್ದು ಕಲಿತದ್ದು ನಾಲ್ಕೇ: ಎಳಿ, ನಿಲ್ಲು, ಸಡಿಲ ಬಿಡು, ಇನ್ನೂ ಎಳಿ. ಅಷ್ಟು ಸಾಕಾಯಿತು. ಅವಳು ಒಂದು ಕೈ ಬಿಡಿಸಿ ನನಗೆ ಹೇಳಿದ್ದನ್ನು ನಾನು ತಿರುಗಿ ಮಗಳಿಗೆ ಹೇಳುತ್ತಿದ್ದೆ. ಮಗಳ ಕೈ ಎರಡೂ ದಾರಕ್ಕೆ ಸಿಕ್ಕಿದ್ದವು, ಅವಳು ಹುಬ್ಬು ಎತ್ತಿ, ಗಲ್ಲ ಅಲುಗಿಸಿ ಉತ್ತರ ಕೊಡುತ್ತಿದ್ದಳು. ಬಾಯಿ ಜೋರಿನವಳು ಎಂದು ಹೆಸರಾದ ನಾನು ಅವತ್ತು ತುಟಿ ಬಿಚ್ಚದೆ ಕೆಲಸ ಮಾಡಿದೆ.

ತಿರುವಿನಲ್ಲಿ ಸಿಕ್ಕಿಕೊಂಡಿತು. ಮಗಳ ಮುಖದಲ್ಲಿ ಬೆವರು. ಜಗ್ಗಲೇ, ಎಂದು ಹುಬ್ಬು ಕೇಳಿತು. ನಿಲ್ಲು, ಎಂದಳು ವೈರಮ್ಮ. ಸಡಿಲ ಬಿಡಿಸಿದಳು, ಕೇಬಲ್ಲನ್ನು ಬೆರಳಲ್ಲೇ ಕಾಲು ಸುತ್ತು ತಿರುಗಿಸಿದಳು, ಮತ್ತೆ ಎಳೆಸಿದಳು. ಬರಲಿಲ್ಲ. ಆಮೇಲೆ ನನ್ನ ಕಡೆ ನೋಡಿ, ಕೈಮಾತು ಗೊತ್ತಿಲ್ಲದ್ದಕ್ಕೆ ಕೆನ್ನೆಗೆ ಪೌಡರ್ ಹಚ್ಚುವ ಹಾಗೆ ಅಭಿನಯಿಸಿದಳು. ಈ ಹೊತ್ತಲ್ಲಿ ಇವಳಿಗೆ ಸಿಂಗಾರವೇ ಎಂದುಕೊಂಡು ನನ್ನ ಚೀಲದಿಂದ ಪೌಡರ್ ಡಬ್ಬಿ ಒಯ್ದು ಕೊಟ್ಟೆ. ಅವಳು ಅದನ್ನು ಕೇಬಲ್ಲಿನ ಮೈಗೆ ಸವರಿ, ಪೈಪಿನ ಬಾಯಿಗೂ ಉದುರಿಸಿ, ಎಳಿ ಎಂದಳು. ನಾನು ಓಡಿ ನನ್ನ ಜಾಗಕ್ಕೆ ಬಂದು ಮಗಳಿಗೆ ಹೇಳಿದೆ. ಸರ್ರನೆ ಬಂತು. ಇನ್ನೂ ಎಳಿ, ಎಂದಳು ವೈರಮ್ಮ. ಇನ್ನೂ ಎಳಿ. ಇನ್ನೂ ಎಳಿ.

ಈ ಸಲ ಟೇಪಿನ ಮೇಲೆ ಅವಳು ಸೀಮೆಸುಣ್ಣದಿಂದ ಬಾಣದ ಗುರುತು ಹಾಕಿದ್ದಳು. ಜೋಡಿಸಿ ಗುಂಡಿ ಒತ್ತಿದಾಗ ಪರದೆಯ ತುಂಬ ಖಾಲಿ ವೇದಿಕೆ ಮೂಡಿತು. ಯಾರೂ ಕುಣಿಯಲಿಲ್ಲ. ವೈರಮ್ಮ ನನ್ನ ಮಗಳನ್ನು ಕ್ಯಾಮೆರಾದ ಮುಂದೆ ನಿಲ್ಲಿಸಿ, ತಾನು ಕೊನೆಯ ಸಾಲಿನಲ್ಲಿ ಕೂತು, ಮೇಸ್ತ್ರಿ ಗಾರೆ ಮೆತ್ತಿ ಮುಗಿಸುವವರೆಗೂ ಕಣ್ಣು ಕೀಳದೆ ನೋಡಿದಳು. ಒಂದು ಸಲವೂ ಕಪ್ಪಾಗಲಿಲ್ಲ.

ಮರುದಿನ ಬೆಳಿಗ್ಗೆ ಸಭಾಂಗಣ ತುಂಬಿತ್ತು. ದೊಡ್ಡ ಮೇಡಂ ಹೇಳಿದ ಹಾಗೆ ಕೊನೆಯ ಸಾಲಿನಲ್ಲಿ, ಚಿಕ್ಕ ಮಕ್ಕಳ ನಡುವೆ ಮೊಣಕಾಲು ಮುದುರಿ ಕೂತಿದ್ದರು. ನಾನು ಅವರ ಹಿಂದೆ ಗೋಡೆಗೆ ಒರಗಿ ನಿಂತಿದ್ದೆ. ಪಾಠ ಭಾರದ ವಿಷಯ, ವಸ್ತುವನ್ನು ಎತ್ತಬೇಕಾದರೆ ಬಲ ಎಲ್ಲಿಂದ ಬರಬೇಕು ಎನ್ನುವುದು. ಮಗಳು ಒಂದು ಕತೆ ತೆಗೆದಳು. ಒಬ್ಬ ಹಮಾಲಿ ಮೂಟೆಯನ್ನು ಎತ್ತಬೇಕು. ಬಗ್ಗಿ ಹಿಡಿದ, ಎಳೆದ, ಬರಲಿಲ್ಲ. ಬೈದ, ಬರಲಿಲ್ಲ. ಎಂಥ ಮೊಂಡು ಮೂಟೆ ಎಂದು ಬೆವರು ಒರೆಸಿಕೊಂಡ. ಅವಳ ಬೆರಳುಗಳು, ಅವಳ ಉಬ್ಬಿದ ಕೆನ್ನೆ, ಅವಳ ಹುಬ್ಬು ಎಲ್ಲ ಪರದೆಯ ಮೇಲೆ ಆಳೆತ್ತರ. ನಾನು ಹಿಂದಿನ ಸಾಲಿನ ತಲೆಗಳನ್ನೇ ನೋಡುತ್ತಿದ್ದೆ. ಒಂದೂ ಅತ್ತಿತ್ತ ತಿರುಗಲಿಲ್ಲ.

ಕೊನೆಗೆ ಹಮಾಲಿ ಕೆಳಗೆ ನೋಡಿದ. ಮೂಟೆಯ ಮೇಲೆ ನಿಂತಿದ್ದವನು ಅವನೇ.

ಸಭಾಂಗಣ ನಕ್ಕಿತು. ಮುಂದಿನ ಸಾಲು ಮೊದಲು, ಹಿಂದಿನ ಸಾಲು ಆಮೇಲೆ ಎಂದಲ್ಲ, ಒಟ್ಟಿಗೇ ನಕ್ಕಿತು. ಯಾವ ಮಗುವೂ ಪಕ್ಕದ ಮಗುವನ್ನು ಏನು ಎಂದು ಕೇಳಲಿಲ್ಲ. ದೊಡ್ಡ ಮೇಡಂ ಅವರ ಭುಜ ನಗುವಿಗೆ ಕುಲುಕಿದ್ದನ್ನು ನಾನು ಹಿಂದಿನಿಂದ ನೋಡಿದೆ. ಸೋಮವಾರದಿಂದ ಕೆಲಸಕ್ಕೆ ಬಾ ಎಂದು ಅವರು ಮಗಳಿಗೆ ಹೇಳಿದ್ದು ಪಾಠ ಮುಗಿದ ಮೇಲೆ. ನನಗೆ ತಿಳಿದದ್ದು ಆ ನಗುವಿನಲ್ಲೇ. ಕಣ್ಣಲ್ಲಿ ನೀರು ಬಂತು, ಬರಲಿ ಎಂದು ಬಿಟ್ಟೆ.

ಪಕ್ಕದಲ್ಲೇ ಗಾಜಿನ ಕೋಣೆ. ವೈರಮ್ಮ ಒಳಗೆ ಮೇಜಿನ ಮುಂದೆ ನಿಂತಿದ್ದಳು. ಪರದೆಯ ಕಡೆ ನೋಡುತ್ತಿರಲಿಲ್ಲ, ಅವಳೂ ಹಿಂದಿನ ಸಾಲನ್ನೇ ನೋಡುತ್ತಿದ್ದಳು. ಏನಾದರೂ ಹೇಳಬೇಕೆನಿಸಿತು. ಬಾಯಲ್ಲಿ ಹೇಳಿದರೆ ಗಾಜಿನಾಚೆ ಕೇಳುವುದಿಲ್ಲ. ಕೈ ಎತ್ತಿದೆ. ಅವಳು ಮದುವೆಯಾಗಿ ಬಂದು ಇಷ್ಟು ವರ್ಷವಾದ ಮೇಲೆ, ಮಣಿಕಟ್ಟನ್ನು ಒಮ್ಮೆ ಒಳಗೆ, ಒಮ್ಮೆ ಹೊರಗೆ ತಿರುಗಿಸಿ, ಮೊದಲ ಸಲ ಅವಳ ಹೆಸರು ಕರೆದೆ.

ಅವಳು ನೋಡಿದಳು. ಉತ್ತರ ಕೊಡಲು ಕೈ ಎತ್ತಿದಳು. ಅವಳಿಗೆ ಬರುವ ಮಾತು ನಾಲ್ಕೇ ತಾನೆ. ಅದರಲ್ಲೇ ಒಂದನ್ನು ಆರಿಸಿ ನನಗೆ ಹೇಳಿದಳು.

ಇನ್ನೂ ಎಳಿ.